ಬಿಲ್ ಹೋಯಿತು, ಲೆಕ್ಕಕ್ಕೆ ಸೇರಲಿಲ್ಲ: ಎಕ್ಸ್‌ಎಂಎಲ್ ದೋಷ ಹಿಡಿಯುವುದು ಹೇಗೆ?

ಮುಂಬೈಯ ಮಾಟುಂಗಾದ ಉಡುಪಿ ಹೋಟೆಲುಗಳ ಗಲ್ಲಾದ ಬಳಿ ನಾನು ಎಷ್ಟೋ ಸಲ ಕಂಡ ದೃಶ್ಯವಿದು. ಬಿಲ್ಲಿಂಗ್ ಯಂತ್ರ ದಿನದ ವ್ಯಾಪಾರವನ್ನು ಎಕ್ಸ್‌ಎಂಎಲ್ ಕಡತವಾಗಿ, ಎಂದರೆ ಮಾಹಿತಿಯನ್ನು ಗುರುತುಗಳ ನಡುವೆ ಬರೆದಿಟ್ಟ ಪಠ್ಯವಾಗಿ, ಲೆಕ್ಕದ ತಂತ್ರಾಂಶಕ್ಕೆ ಕಳುಹಿಸುತ್ತದೆ. ಆ ತಂತ್ರಾಂಶ ‘ಪಾರ್ಸಿಂಗ್ ದೋಷ’, ಎಂದರೆ ಕಡತವನ್ನು ಓದಲಾಗಲಿಲ್ಲ, ಎನ್ನುತ್ತದೆ. ಮ್ಯಾನೇಜರು ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಹತ್ತು ಸಲ ಕಳುಹಿಸಿದರೂ ಹಳಸಿದ ಸಾಂಬಾರು ಹಳಸಿದ್ದೇ.

ಮೊದಲು ಕಡತದ ಒಂದು ಪ್ರತಿಯನ್ನು ಬಂದಂತೆಯೇ ಎತ್ತಿಡಿ. ನೋಟ್‌ಪ್ಯಾಡಿನಂಥ ಸರಳ ಸಂಪಾದಕದಲ್ಲಿ ತೆರೆಯಿರಿ. ವರ್ಡ್ ಬೇಡವೇ ಬೇಡ, ಟೈಪ್ ಮಾಡಿದ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಅದು ಬಾಗಿಸಿಬಿಡುತ್ತದೆ. ಕೆಲವೊಮ್ಮೆ ಬಂದಿರುವುದು ಎಕ್ಸ್‌ಎಂಎಲ್ಲೇ ಅಲ್ಲ, ಯಾವುದೋ ಲಾಗಿನ್ ಪುಟ. ಆಗ ಪಾಸ್‌ವರ್ಡ್ ನೋಡಿ.

ಇನ್ನು ದೋಷದ ಸಂದೇಶದಲ್ಲಿರುವ ಸಾಲಿನ ಸಂಖ್ಯೆ. ಅದು ಕಡತ ಓದುವ ಪಾರ್ಸರ್ ಎಡವಿದ ಜಾಗವಷ್ಟೆ, ಕಲ್ಲು ಹಿಂದೆಲ್ಲೋ ಇರಬಹುದು. ಕೊನೆಯ ಸಾಲನ್ನು ತೋರಿಸಿದರೆ ಮೇಲೆಲ್ಲೋ ತೆರೆದ ಟ್ಯಾಗ್ (ಮಾಹಿತಿಯ ಆರಂಭ, ಅಂತ್ಯ ತೋರಿಸುವ ಗುರುತು) ಮುಚ್ಚಿಲ್ಲ, ಇಲ್ಲವೇ ಕಡತ ಅರ್ಧಕ್ಕೇ ತುಂಡಾಗಿದೆ. ಮೊದಲ ಒಂದೆರಡು ಸಾಲನ್ನೇ ತೋರಿಸಿದರೆ ಕಡತದ ತಲೆಯಲ್ಲಿರುವ ‘ಇದು ಎಕ್ಸ್‌ಎಂಎಲ್’ ಎಂಬ ಘೋಷಣೆಯ ಮುಂಚೆ ಖಾಲಿ ಸಾಲೋ ಕಾಣದ ಬೈಟುಗಳೋ ಕುಳಿತಿರಬಹುದು.

ಜನ ಸೋಲುವುದು ಮುಂದಿನ ಹಂತದಲ್ಲಿ. ಮೆನುವಿನಲ್ಲಿ ‘ಇಡ್ಲಿ & ವಡೆ’ ಎಂದಿದೆಯೆನ್ನಿ. ಎಕ್ಸ್‌ಎಂಎಲ್‌ನಲ್ಲಿ & ಬರಿಯ ಚಿಹ್ನೆಯಲ್ಲ, ಸಂಕೇತವೊಂದರ ಆರಂಭ. ಅದನ್ನು &#38; ಎಂದೂ < ಅನ್ನು &#60; ಎಂದೂ ಬರೆಯಬೇಕು. ಹಾಗೆಂದು ಇಡೀ ಕಡತದಲ್ಲಿ & ಹುಡುಕಿ ಬದಲಿಸುವ ಅಡ್ಡದಾರಿ ಹಿಡಿಯಬೇಡಿ: ಮೊದಲೇ ಸರಿಯಿದ್ದ &#60; ಕೂಡ &#38;#60; ಆಗಿ, ದೋಷ ಮಾಯವಾದರೂ ಬಿಲ್ಲಿನಲ್ಲಿ ಕಸ ಅಚ್ಚಾಗುತ್ತದೆ.

ಕನ್ನಡದ ಹೆಸರುಗಳಿದ್ದರೆ ಇನ್ನೊಂದು ಹಳ್ಳ ಕಾದಿದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ, ಎಂದರೆ ಕಾಗುಣಿತದ ಚಿಹ್ನೆಗೂ, 3 ಬೈಟ್ ಬೇಕು. ‘ಮಸಾಲೆ ದೋಸೆ’ಗೆ 28 ಬೈಟ್. ಯಂತ್ರ ಹೆಸರನ್ನು 20 ಬೈಟಿಗೆ ಕತ್ತರಿಸಿದರೆ ‘ದ’ ಉಳಿಯುತ್ತದೆ, ಅದರ ಓತ್ವ ಸೀಳಿಹೋಗುತ್ತದೆ. ಆ ಒಂಟಿ ಬೈಟು ಸಾಕು, ಇಡೀ ದಿನದ ಲೆಕ್ಕ ತಿರಸ್ಕೃತವಾಗಲು. ಎಲ್ಲವನ್ನೂ ಇಂಗ್ಲಿಷ್ ಮಾಡಿ ಎನ್ನುವ ಮಾರಾಟಗಾರರ ಮಾತನ್ನು ನಾನಂತೂ ಕೇಳುವುದಿಲ್ಲ. ಹೆಸರು ಕತ್ತರಿಸುವಾಗ ಬೈಟ್ ಎಣಿಸದೆ ಅಕ್ಷರ ಎಣಿಸಿ ಎಂದು ಅವರಿಗೇ ಹೇಳಿ.

ತಿದ್ದಿದ ಪ್ರತಿಯನ್ನು ಎಕ್ಸ್‌ಎಂಎಲ್ ಲಿಂಟ್‌ನಂಥ ಉಚಿತ ಸಾಧನದಲ್ಲಿ ಪರೀಕ್ಷಿಸಿ ಕಳುಹಿಸಿ. ಆದರೆ ಕೈಯಿಂದ ತಿದ್ದಿದ್ದು ಇವತ್ತಿಗೆ ಮಾತ್ರ. ತುಂಡು ತುಂಡು ಪಠ್ಯ ಅಂಟಿಸಿ ಎಕ್ಸ್‌ಎಂಎಲ್ ಹೊಸೆಯುವ ಬಿಲ್ಲಿಂಗ್ ತಂತ್ರಾಂಶ ನಾಳೆ ರಾತ್ರಿಯೂ ಅದೇ ‘ಇಡ್ಲಿ & ವಡೆ’ಯನ್ನು ಕಳುಹಿಸುತ್ತದೆ. ಎತ್ತಿಟ್ಟ ಮೂಲ ಪ್ರತಿಯನ್ನು ಅದನ್ನು ಮಾರಿದವರಿಗೆ ಕಳುಹಿಸಿ. ಪರದೆಯ ಫೋಟೊ ಅವರಿಗೆ ಏನನ್ನೂ ಹೇಳುವುದಿಲ್ಲ.