ಮೂಳೆ ಕೊಳಲು: ಬೆರಳ ತೂತಿಗೆ ಅವಸರ ಬೇಡ

ಇಂಗ್ಲೆಂಡ್, ಸ್ಕ್ಯಾಂಡಿನೇವಿಯಾದ ಉತ್ಖನನಗಳಲ್ಲಿ ಸಿಕ್ಕ ಮಧ್ಯಯುಗದ ಮೂಳೆ ಕೊಳಲುಗಳಲ್ಲಿ ಬಹಳಷ್ಟು ಕುರಿಯ ಮೊಣಕಾಲಿನ ಕೆಳಗಿನ ಮೂಳೆಯವು ಇಲ್ಲವೇ ಹೆಬ್ಬಾತಿನ ರೆಕ್ಕೆ ಮೂಳೆಯವು. ನಮ್ಮ ಕೊಳಲಿನಂತೆ ಅಡ್ಡ ಹಿಡಿದು ನುಡಿಸುವಂಥವಲ್ಲ, ತುದಿಯಿಂದ ಊದುವ ಸೀಟಿಯ ಜಾತಿ. ಉಸಿರನ್ನು ಕಿಟಕಿಯ (ಬಾಯಿಯ ಬಳಿ ಕೊರೆದ ಚೌಕ ತೂತಿನ) ಚೂಪು ಅಂಚಿಗೆ ಹಾಯಿಸುವ ಮೇಣದ ಅಥವಾ ಮರದ ಬೆಣೆ ಮಣ್ಣಿನಲ್ಲಿ ಬಹುತೇಕ ಉಳಿದಿಲ್ಲ, ಹಾಗಾಗಿ ಫೋಟೊದಲ್ಲಿ ಕಾಣುವುದಿಲ್ಲ. ಫೋಟೊ ನೋಡಿ ಮಾಡಿದ ಪ್ರತಿಕೃತಿಗಳು ಮೂಕಾಗುವುದು ಇದೇ ಕಾರಣಕ್ಕೆ.

ಇಂಥದೊಂದನ್ನು ನೀವೇ ಮಾಡಲು, ಮಟನ್ ಅಂಗಡಿಯಲ್ಲಿ ಹೇಳಿ ಕುರಿಯ ಹಿಂಗಾಲಿನ, ಮಚ್ಚು ತಾಗದ ಇಡೀ ಮೂಳೆ ತನ್ನಿ. ಮೇಕೆಯದೂ ಆದೀತು. ಕಾಡುಹಕ್ಕಿಯ ಮೂಳೆ ಖಂಡಿತ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

1. ಮೂಳೆಯನ್ನು ಮುಚ್ಚಳ ತೆಗೆದ ಪಾತ್ರೆಯ ನೀರಿನಲ್ಲಿ, ಕುದಿ ಬರಿಸದೆ, ಎರಡು ಗಂಟೆ ಸಣ್ಣ ಉರಿಯಲ್ಲಿಡಿ. ಕುಕ್ಕರ್ ಕೂಗಿಸಿದರೆ ಮೂಳೆಯ ಅಂಟು ಕರಗಿ, ಸುಣ್ಣದಂತೆ ಪುಡಿಯಾಗುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದರೂ ಅದೇ ಗತಿ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ವಾರ ನೆನೆಸಿ, ದಿನವೂ ನೀರು ಬದಲಿಸಿ.

2. ಎರಡೂ ಗಂಟು ಕೊಯ್ದು, ತಂತಿಯಿಂದ ಮಜ್ಜೆ ತೆಗೆಯಿರಿ. ಮಾಸ್ಕ್ ಹಾಕಿ, ಮೂಳೆ ಒದ್ದೆಯಿರಲಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

3. ಹಿಮ್ಮಡಿ ಕಡೆಯ ದುಂಡನೆ ತುದಿಯೇ ಬಾಯಿ. ಅಲ್ಲಿಂದ 2 ಸೆಂ.ಮೀ. ಬಿಟ್ಟು ಕಿಟಕಿ ಕೊರೆಯಿರಿ: ಉದ್ದ 4 ಮಿ.ಮೀ., ಅಗಲ 6. ಬಾಯಿಯ ಕಡೆ ನೇರ ಕೊಯ್ತ, ಆಚೆ ಕಡೆ ಹೊರಗಿನಿಂದ ಒಳಕ್ಕೆ ಇಳಿಜಾರು. ಇಳಿಜಾರಿನ ತುದಿ ಚೂಪಾಗಿರಬೇಕು, ಸೀಳಿರಬಾರದು.

4. ಕೊಳಲು ಹುಟ್ಟುವುದು ಇಲ್ಲಿ. ಅಪ್ಪಟ ಜೇನುಮೇಣವನ್ನು ಅಂಗೈಯಲ್ಲಿ ಮೆದುವಾಗಿಸಿ. ಕ್ಯಾಂಡಲ್ ಮೇಣ ಬಿರಿದು ಜಾರುತ್ತದೆ. ಕಿಟಕಿ ಇರುವ ಮೇಲ್ಗೋಡೆಗೆ 1 ಮಿ.ಮೀ. ದಪ್ಪದ ಚಪ್ಪಟೆ ಬಿದಿರು ಕಡ್ಡಿ ಒತ್ತಿ ಹಿಡಿದು, ಕೆಳಗೆಲ್ಲ ಮೇಣ ತುಂಬಿ, ತಣಿದ ಮೇಲೆ ಕಡ್ಡಿ ಎಳೆಯಿರಿ. ಉಳಿದ ಸಂದಿಯೇ ಗಾಳಿದಾರಿ. ಮೇಣದ ಒಳಮುಖ ಕಿಟಕಿಯ ನೇರ ಕೊಯ್ತಕ್ಕೆ ಸರಿಸಮ ನಿಲ್ಲಬೇಕು. ಮುಂದೆ ಚಾಚಿದರೆ, ಹಿಂದೆ ಸರಿದರೆ ಬರೀ ಗಾಳಿಯ ಬುಸ್ ಸದ್ದು. ಗಾಳಿ ಅಂಚಿನ ಮೇಲೆಯೇ ಹಾರಿಹೋದರೆ ಸಂದಿಯ ನೆಲ ಎತ್ತರವಾಗಿದೆ, ಕೆರೆದು ತಗ್ಗಿಸಿ. ಅಂಚಿನ ಕೆಳಗೆ ನುಗ್ಗಿದರೆ ಮೇಣ ಮೆತ್ತಿ ಎತ್ತರಿಸಿ. ಬೇಸಿಗೆಯ ಕಾರಿನಲ್ಲಿ ಬಿಟ್ಟರೆ ಮೇಣ ಕುಸಿಯುತ್ತದೆ.

5. ಮೆಲ್ಲಗೆ ಊದಿದಾಗ ತಿಳಿಯಾದ ಸ್ವರ ಬಂದ ಮೇಲಷ್ಟೇ ಬೆರಳ ತೂತು. ಮೂರು ಸಾಕು, ಹಳೆಯವುಗಳಲ್ಲೂ ಸಾಮಾನ್ಯವಾಗಿ ಅಷ್ಟೇ. ಕೆಳತುದಿಯಿಂದ 3 ಸೆಂ.ಮೀ. ಬಿಟ್ಟು, 2 ಸೆಂ.ಮೀ.ಗೊಂದರಂತೆ, ಚಾಕುವಿನ ಮೊನೆ ತಿರುಗಿಸಿ 4 ಮಿ.ಮೀ. ಕೊರೆಯಿರಿ. ಡ್ರಿಲ್ ಮೂಳೆಯನ್ನು ಸುಡುತ್ತದೆ. ಸ್ವರ ತಗ್ಗಿದ್ದರೆ ತೂತು ಹಿಗ್ಗಿಸಿ, ಏರಿದ್ದರೆ ಅಂಚಿಗೆ ಚೂರು ಮೇಣ ಮೆತ್ತಿ.