ಬಾಣಕ್ಕೊಂದು ವಿಳಾಸ

ಚೆಂಡನ್ನು ಮೇಲಕ್ಕೆ ಎಸೆದಾಗಿದೆ, ಕೈ ಬಿಟ್ಟಾಗಿದೆ, ಅದಿನ್ನೂ ಏರುತ್ತಿದೆ. ಈಗ ಅದರ ಮೇಲೆ ಯಾವ ಯಾವ ಬಲಗಳಿವೆ? ಬಾಣ ಹಾಕಿ ತೋರಿಸಿ. ನ್ಯೂಟನ್ನನ ಮೂರೂ ನಿಯಮಗಳನ್ನು ಪಾಠ ಮಾಡಿ ಮುಗಿಸಿದ ಮರುದಿನ ತರಗತಿಗೆ ನಾನು ಕೊಟ್ಟ ಪ್ರಶ್ನೆ ಇದು. ನಿಯಮಗಳನ್ನು ಅಕ್ಷರ ತಪ್ಪದೆ ಒಪ್ಪಿಸಿದ್ದ ಮಕ್ಕಳೇ ಚೆಂಡಿನ ನೆತ್ತಿಯಿಂದ ಮೇಲಕ್ಕೆ ದಪ್ಪನೆಯ ಬಾಣ ಎಳೆದಿದ್ದರು. ಇದು ಯಾವುದೆಂದು ಕೇಳಿದರೆ, “ಎಸೆದ ಬಲ ಸರ್, ಚೆಂಡಿನೊಳಗೆ ಇನ್ನೂ ಉಳಿದಿದೆ.”

ಅಂದು ನನಗೆ ಸಿಟ್ಟು ಬಂದಿತ್ತು. ಹೊರಗಿನ ಬಲ ಬೀಳದ ಹೊರತು ಚಲಿಸುವ ವಸ್ತು ಅದೇ ವೇಗದಲ್ಲಿ ನೇರವಾಗಿ ಚಲಿಸುತ್ತಲೇ ಇರುತ್ತದೆ ಎಂಬ ಮೊದಲನೆಯ ನಿಯಮವನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ದನಿ ಏರಿಸಿದರೆ ವಿಷಯ ತಲೆಗೆ ಇಳಿಯುತ್ತದೆಂಬ ನಂಬಿಕೆ ನಮ್ಮ ವೃತ್ತಿಗೆ ಅಂಟಿಕೊಂಡದ್ದು. ಆಮೇಲೆ ಓದುತ್ತಾ ತಿಳಿಯಿತು: 14ನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಬುರಿಡಾನ್ ಎಂಬ ವಿದ್ವಾಂಸನೂ ಹೆಚ್ಚುಕಡಿಮೆ ಹೀಗೆಯೇ ಯೋಚಿಸಿದ್ದ. ಎಸೆಯುವವನು ವಸ್ತುವಿನೊಳಗೆ ಏನನ್ನೋ ತುಂಬಿ ಕಳಿಸುತ್ತಾನೆ, ಗಾಳಿಯ ತಡೆಯೂ ವಸ್ತುವಿನ ಭಾರವೂ ಸೇರಿ ಅದನ್ನು ಕರಗಿಸುತ್ತವೆ ಎಂದು. ನ್ಯೂಟನ್ನನ ‘ಪ್ರಿನ್ಸಿಪಿಯಾ’ ಅಚ್ಚಾದದ್ದು 1687ರಲ್ಲಿ. ಘಟಾನುಘಟಿಗಳು ಮುನ್ನೂರು ವರ್ಷ ತೆಗೆದುಕೊಂಡ ದಾರಿಗೆ ನಾನು ಕೊಟ್ಟದ್ದು ಎರಡು ಪೀರಿಯಡ್!

ಮುಂದಿನ ವರ್ಷ ಒಂದೇ ಒಂದು ಕಟ್ಟಳೆ ತಂದೆ. ಬಾಣಕ್ಕೆ ವಿಳಾಸ ಬರೆಯಬೇಕು: ಯಾರಿಂದ, ಯಾರ ಮೇಲೆ. ವಿಳಾಸವಿಲ್ಲದ ಬಾಣವನ್ನು ಅಳಿಸಬೇಕು. ಮತ್ತೆ ಅದೇ ಚೆಂಡು. ಕೆಳಮುಖದ ಬಾಣಕ್ಕೆ ‘ಭೂಮಿಯಿಂದ, ಚೆಂಡಿನ ಮೇಲೆ’ ಎಂದು ಸಲೀಸಾಗಿ ಬರೆದರು. ಮೇಲ್ಮುಖದ ಬಾಣಕ್ಕೆ ‘ಕೈಯಿಂದ’ ಎಂದು ಬರೆದವರು ತಾವೇ ತಡೆದರು, ಕೈ ಎಂದೋ ದೂರವಾಗಿತ್ತಲ್ಲ. “ಹಾಗಾದರೆ ಅದು ಮೇಲೆ ಹೋಗುತ್ತಿರುವುದೇಕೆ ಸರ್?” ನಾನು ವರ್ಷಗಟ್ಟಲೆ ಕಾದಿದ್ದ ಪ್ರಶ್ನೆ. ಹೋಗುತ್ತಿರುವುದಕ್ಕೆ ಬಲ ಬೇಕಿಲ್ಲ; ಹೋಗುವ ವೇಗ ಬದಲಾಗಲು ಬೇಕು. ಹೀಗೆಂದು ಸುಮ್ಮನಾಗದೆ ಲೆಕ್ಕ ಹಾಕಿಸಿದೆ. ಭೂಮಿಯ ಎಳೆತದಿಂದ ಏರುವ ವೇಗ ಪ್ರತಿ ಸೆಕೆಂಡಿಗೂ 9.8ರಷ್ಟು ತಗ್ಗುತ್ತದೆ; ವೇಗ ಹೀಗೆ ಬದಲಾಗುವ ದರವೇ ವೇಗೋತ್ಕರ್ಷ. ಗಾಳಿಯ ತಡೆಯನ್ನು ಬದಿಗಿಟ್ಟು, ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ಎಸೆದರೆ ಅರ್ಧ ಸೆಕೆಂಡಿನಲ್ಲಿ ಉಳಿಯುವುದು 4.9, ಒಂದು ಸೆಕೆಂಡಿಗೆ ಸೊನ್ನೆ. ಆಗ ಚೆಂಡು 4.9 ಮೀಟರ್ ಎತ್ತರದಲ್ಲಿರುತ್ತದೆ. “ತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ” ಎಂದಳು ಒಬ್ಬಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ, “ಹಾಗಿದ್ದರೆ ಅಲ್ಲೇ ನೇತಾಡಿಕೊಂಡಿರಬೇಕಿತ್ತು!”

ಒಂದು ವಸ್ತು ಇನ್ನೊಂದನ್ನು ತಳ್ಳಿದರೆ ಆ ಇನ್ನೊಂದೂ ಮೊದಲನೆಯದನ್ನು ಅಷ್ಟೇ ಬಲದಿಂದ ಎದುರು ದಿಕ್ಕಿಗೆ ತಳ್ಳುತ್ತದೆ ಎಂಬ ಮೂರನೆಯ ನಿಯಮಕ್ಕೂ ಈ ವಿಳಾಸವೇ ಕೆಲಸಕ್ಕೆ ಬಂತು. ಮೇಜಿನ ಮೇಲಿನ ಪುಸ್ತಕದ ತೂಕ ಕ್ರಿಯೆ, ಮೇಜು ಅದನ್ನು ಮೇಲಕ್ಕೆ ತಳ್ಳುವುದು ಪ್ರತಿಕ್ರಿಯೆ ಎಂದು ನಾನೇ ಹಿಂದೆ ಪಾಠ ಮಾಡಿದ್ದೆ. ತಪ್ಪು. ಎರಡೂ ಬಾಣ ಪುಸ್ತಕದ ಮೇಲೆಯೇ ಇವೆ. ‘ಭೂಮಿಯಿಂದ ಪುಸ್ತಕದ ಮೇಲೆ’ ಎಂಬುದನ್ನು ತಿರುಗಿಸಿ ಬರೆದರೆ ಸಿಗುವುದು ‘ಪುಸ್ತಕದಿಂದ ಭೂಮಿಯ ಮೇಲೆ’. ಅರ್ಧ ಕಿಲೋ ಪುಸ್ತಕ ಭೂಮಿಯನ್ನು 4.9 ನ್ಯೂಟನ್ ಬಲದಿಂದ ಎಳೆಯುತ್ತಿದೆ ಎಂದಾಗ ತರಗತಿ ನಕ್ಕಿತು. ಭೂಮಿಯ ದ್ರವ್ಯರಾಶಿಯನ್ನು, ಆರರ ಮುಂದೆ 24 ಸೊನ್ನೆ ಹಾಕಿ, ಕಿಲೋ ಲೆಕ್ಕದಲ್ಲಿ ಬೋರ್ಡಿನ ಮೇಲೆ ಬರೆದ ಮೇಲೆ ನಗು ನಿಂತಿತು: ಅಷ್ಟು ದೊಡ್ಡದನ್ನು ಆ ಎಳೆತ ಅಲುಗಿಸಿದರೂ ತಿಳಿಯುವುದಿಲ್ಲ. ಜೀವವಿಲ್ಲದ ಮೇಜು ಹೇಗೆ ತಳ್ಳುತ್ತದೆ ಎಂದು ಕೇಳಿದವನಿಗೆ ಎರಡು ಡಬ್ಬಗಳ ನಡುವೆ ಸೇತುವೆಯಂತೆ ಪ್ಲಾಸ್ಟಿಕ್ ಅಳತೆಪಟ್ಟಿ ಇಟ್ಟು, ಅದರ ಮೇಲೆ ಪುಸ್ತಕ ಹೇರಿ ತೋರಿಸಿದೆ. ಪಟ್ಟಿ ಬಾಗಿತು. ಮೇಜೂ ಬಾಗುತ್ತದೆ, ಕಣ್ಣಿಗೆ ಕಾಣದಷ್ಟು.

ಎರಡು ಸ್ಪ್ರಿಂಗ್ ತ್ರಾಸುಗಳನ್ನು ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಎಳೆಯುವ ಪ್ರಯೋಗವನ್ನೂ ಮಾಡಿಸಿದೆ. ಎಳೆಯುವವನ ಕೈಯಲ್ಲೂ ಸುಮ್ಮನೆ ಹಿಡಿದವನ ಕೈಯಲ್ಲೂ ಒಂದೇ ಅಂಕಿ.

ನಾನು ಸಿಕ್ಕಿಬಿದ್ದದ್ದು ಘರ್ಷಣೆಯಲ್ಲಿ. ನಡೆಯುವ ಮನುಷ್ಯನ ಚಿತ್ರ ಬರೆದ ಹುಡುಗಿ ‘ನೆಲದಿಂದ, ಪಾದದ ಮೇಲೆ’ ಎಂಬ ಬಾಣವನ್ನು ಮುಂದಕ್ಕೆ ಎಳೆದು ತಂದು ತೋರಿಸಿದಳು. ಬೋರ್ಡಿನಲ್ಲಿ ನನ್ನದೇ ಅಕ್ಷರದಲ್ಲಿ ‘ಘರ್ಷಣೆ ಚಲನೆಯನ್ನು ವಿರೋಧಿಸುತ್ತದೆ’ ಎಂದಿತ್ತು. ಯಾವುದು ಸರಿ ಎಂದು ಕೇಳಿದಳು. ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ಹಿಂದಕ್ಕೆ ಜಾರಲು ನೋಡುತ್ತದೆ. ಆ ಜಾರುವಿಕೆಯನ್ನು ತಡೆಯುವ ಬಲ ಮುಂದಕ್ಕೇ ಇರಬೇಕು. ಬಾಣ ಅವಳದೇ ಸರಿ. ಡಸ್ಟರ್ ತೆಗೆದುಕೊಂಡು ‘ಚಲನೆಯನ್ನು’ ಎಂಬುದನ್ನು ಒರೆಸಿ, ‘ಒಂದರ ಮೇಲೊಂದು ಜಾರುವುದನ್ನು’ ಎಂದು ಬರೆದೆ.