ಸಾವಿರದೊಳಗಿನ ವೈನ್, ಬಂಗಡೆ ಫ್ರೈ ಮತ್ತು ಕಾರವಾರದ ಸೆಕೆ

ಕಾರವಾರದಲ್ಲಿ ವೈನ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಬಾಟಲಿ ಎಲ್ಲಿ ಇಟ್ಟಿದ್ದಾರೆ ಅಂತ ನೋಡಿ. ಬ್ರ್ಯಾಂಡ್ ಆಮೇಲೆ. ನಮ್ಮಲ್ಲಿ ಓಡುವ ಮಾಲು ಬ್ರಾಂಡಿ, ವಿಸ್ಕಿ, ಬಿಯರ್. ಬಿಯರ್‌ಗೆ ಫ್ರಿಜ್ ಇರುತ್ತದೆ. ವೈನ್ ಮಾತ್ರ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟ್ ಪಕ್ಕ, ಧೂಳು ಹೊತ್ತು ನಿಂತಿರುತ್ತದೆ. ಏಪ್ರಿಲ್-ಮೇ ಸೆಕೆಯನ್ನು ಅಂಥ ಜಾಗದಲ್ಲಿ ಕಳೆದ ವೈನ್‌ನಲ್ಲಿ ಹಣ್ಣಿನ ಪರಿಮಳ ಹೋಗಿ, ಬೇಯಿಸಿದ ಜಾಮ್ ವಾಸನೆ ಉಳಿಯುತ್ತದೆ. ದುಬಾರಿ ಬಾಟಲಿಯಾದರೂ ಅದೇ ಗತಿ. ಅದಕ್ಕೆ ನಾನು ಗಿರಾಕಿ ಜಾಸ್ತಿ ಬರುವ, ಮಾಲು ಬೇಗ ಖಾಲಿಯಾಗುವ ಅಂಗಡಿಗೇ ಹೋಗುತ್ತೇನೆ. "ಮೇಲಿಂದು ಬೇಡ, ಒಳಗಿನ ಬಾಕ್ಸಿಂದ ಒಂದು ಕೊಡಿ" ಅಂದರೆ ಹುಡುಗರು ತಂದು ಕೊಡುತ್ತಾರೆ. ಹೆಂಗಸೊಬ್ಬಳು ನಿಂತು ಇಷ್ಟೆಲ್ಲ ಕೇಳಿದಾಗ ಪಕ್ಕದವರು ಒಂದು ಸಲ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ನಾನು ಶಿರಸಿ ಕಡೆಯ ಹವ್ಯಕರ ಮನೆಯವಳು. ಮದುವೆಯಾಗಿ ಬಂದದ್ದು ಕೋಡಿಬಾಗದ ಕೊಂಕಣಿ ಮನೆಗೆ. ಇಲ್ಲಿ ಮೀನಿಲ್ಲದೆ ಯಾರಿಗೂ ಊಟ ಇಳಿಯುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ, ಹಾಗಾಗಿ ಲೆಕ್ಕ ಹಾಕುವ ಚಟ. ಶನಿವಾರ ಸಂಜೆ ಗಂಡನೂ ನಾನೂ ಒಂದೊಂದು ಗ್ಲಾಸ್ ಕುಡಿಯುತ್ತೇವೆ. ಇದು ಗೊತ್ತಾದ ಮೇಲೆ ನಂಟರೆಲ್ಲ ನನ್ನನ್ನೇ ಕೇಳಲು ಶುರು ಮಾಡಿದರು. ಮೈದುನನಂತೂ ಅಂಗಡಿ ಮುಂದೆ ನಿಂತೇ ಫೋನ್ ಮಾಡುತ್ತಾನೆ: "ವೈನಿ (ಅಂದರೆ ಅತ್ತಿಗೆ), ಯಾವುದು ತಗೊಳ್ಳಲಿ?"

ಲೆಕ್ಕದಿಂದಲೇ ಶುರು ಮಾಡೋಣ. ಬಾಟಲಿ 750 ಎಂಎಲ್. ಒಂದು ಗ್ಲಾಸ್‌ಗೆ 150 ಎಂಎಲ್ ಅಂದರೆ ಐದು ಗ್ಲಾಸ್. 800 ರೂಪಾಯಿಯ ಬಾಟಲಿಯಲ್ಲಿ ಗ್ಲಾಸ್‌ಗೆ 160 ರೂಪಾಯಿ ಬಿತ್ತು. ನಮ್ಮ ಮನೆಯ ಮಿತಿ ಸಾವಿರ. ಅದಕ್ಕಿಂತ ಮೇಲೆ ಹೋದರೆ ಅದು ದಿನನಿತ್ಯದ ವೈನ್ ಅಲ್ಲ, ಮದುವೆ ವಾರ್ಷಿಕೋತ್ಸವದ್ದು. ತೀರಾ ಅಗ್ಗದ್ದು ಕೊಳ್ಳುವುದಕ್ಕಿಂತ ಒಳ್ಳೆಯದರ ಅರ್ಧ ಬಾಟಲಿ, ಅಂದರೆ 375 ಎಂಎಲ್‌ನದು, ಸಿಕ್ಕರೆ ತಗೊಳ್ಳಿ. ಇಬ್ಬರಿಗೆ ಸಾಕು, ಉಳಿದದ್ದನ್ನು ಏನು ಮಾಡಬೇಕು ಅನ್ನುವ ಚಿಂತೆಯೂ ಇಲ್ಲ.

"ಗೋವಾದಲ್ಲಿ ಅಗ್ಗ, ಅಲ್ಲಿಂದಲೇ ತರೋಣ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಗಡಿಯ ಮಾಜಾಳಿ ದಾಟಿದರೆ ಗೋವಾದ ಪೋಳೆ, ಅಷ್ಟೇ ದೂರ. ಆದರೆ ಗೋವಾದಲ್ಲಿ ಮಾತ್ರ ಮಾರಬೇಕಾದ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಗಡಿ ದಾಟಿಸುವುದು ಅಬಕಾರಿ ಅಪರಾಧ. ಚೆಕ್‌ಪೋಸ್ಟ್‌ನಲ್ಲಿ ಗಾಡಿ ಡಿಕ್ಕಿ ತೆಗೆಸುತ್ತಾರೆ. ಇನ್ನೂರು ರೂಪಾಯಿ ಉಳಿಸಲು ಹೋಗಿ ಕೇಸು ಹಾಕಿಸಿಕೊಳ್ಳುವುದು ಯಾವ ಲೆಕ್ಕ? ಗೋವಾದ್ದನ್ನು ಗೋವಾದಲ್ಲೇ ಕೂತು ಕುಡಿಯಿರಿ. ವಾಪಸ್ ಗಾಡಿ ಓಡಿಸುವವರು ಅದೂ ಬೇಡ.

ಅಂಗಡಿಯಲ್ಲಿ ಲೇಬಲ್ ಓದುವಾಗ ನಾನು ಮೊದಲು ಹುಡುಕುವುದು ವರ್ಷ. ಅದು ದ್ರಾಕ್ಷಿ ಕೊಯ್ದ ವರ್ಷ. ಯುರೋಪಿನಲ್ಲಿ ಕೊಯ್ಲು ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ. ನಮ್ಮಲ್ಲಿ ಆಗ ಮಳೆ, ಹಣ್ಣು ಕೊಳೆತು ಹೋದೀತು. ಅದಕ್ಕೇ ಇಲ್ಲಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರಿ, ಜನವರಿಯಿಂದ ಮಾರ್ಚ್ ಸುಮಾರಿಗೆ ಒಂದೇ ಬೆಳೆ ತೆಗೆಯುತ್ತಾರೆ. ಹಾಗಾಗಿ ಈ ವರ್ಷದ ದ್ರಾಕ್ಷಿಯ ಬಿಳಿ ವೈನ್ ಈ ವರ್ಷವೇ ಅಂಗಡಿಗೆ ಬರಬಹುದು. ಸಾವಿರದೊಳಗಿನ ಬಿಳಿ ವೈನ್ ಆದರೆ ಈ ವರ್ಷದ್ದು ಅಥವಾ ಹೋದ ವರ್ಷದ್ದು ಇರಲಿ. ಕೆಂಪು ಎರಡು ಮೂರು ವರ್ಷದ್ದಾದರೂ ನಡೆಯುತ್ತದೆ. ವರ್ಷ ಕಾಣದಿದ್ದರೆ ಹಿಂದಿನ ಸಣ್ಣ ಅಕ್ಷರದಲ್ಲಿ ಬಾಟಲಿಗೆ ತುಂಬಿದ ತಿಂಗಳು ಹುಡುಕಿ. "ವೈನ್ ಹಳೆಯದಾದಷ್ಟೂ ಒಳ್ಳೆಯದು" ಅನ್ನುವ ಮಾತು ಬೇರೆಯೇ ಬೆಲೆಯ ಬಾಟಲಿಗಳಿಗೆ, ಅದೂ ತಣ್ಣನೆಯ ನೆಲಮಾಳಿಗೆ ಇರುವವರಿಗೆ. ಗೋದ್ರೇಜ್ ಕಪಾಟಿನಲ್ಲಿ ಸೀರೆ ಹಿಂದೆ ಬಚ್ಚಿಟ್ಟ ಬಾಟಲಿ ಸುಮ್ನೆ ಹಾಳಾಗುತ್ತದೆ. ತಿರುಗಿಸುವ ಮುಚ್ಚಳ ಇದ್ದರೆ ಮೂಗು ಮುರಿಯಬೇಡಿ. ಬೇಗ ಕುಡಿಯುವ ವೈನ್‌ಗೆ ಅದೇ ಅನುಕೂಲ. ಕಾರ್ಕ್ ಇದ್ದರೆ ಅದು ಮೇಲೆ ಉಬ್ಬಿದೆಯಾ, ಕತ್ತಿನ ಹತ್ತಿರ ಅಂಟು ಅಂಟಾಗಿದೆಯಾ ನೋಡಿ. ಹಾಗಿದ್ದರೆ ಬಾಟಲಿ ಸೆಕೆ ತಿಂದಿದೆ ಅಂತ ಲೆಕ್ಕ.

ಯಾವುದು ಕೊಳ್ಳಬೇಕು? ನನ್ನ ಪಟ್ಟಿ ಚಿಕ್ಕದು. ಸುಲಭವಾಗಿ ಸಿಗುವುದು ನಾಸಿಕ್‌ನ ಸುಲಾ. ಅವರು 2000ರಲ್ಲಿ ಮಾರುಕಟ್ಟೆಗೆ ಬಂದದ್ದೇ ಸೋವಿನ್ಯಾನ್ ಬ್ಲಾಂಕ್, ಶೆನಿನ್ ಬ್ಲಾಂಕ್ ಎಂಬ ಎರಡು ಬಿಳಿ ದ್ರಾಕ್ಷಿಯ ವೈನ್ ಹಿಡಿದು. ನಮ್ಮ ಕರಾವಳಿಗೆ ಇವತ್ತಿಗೂ ಇವೆರಡೇ ಸರಿ ಅಂತ ನನ್ನ ಅಭಿಪ್ರಾಯ. ಸೋವಿನ್ಯಾನ್‌ನಲ್ಲಿ ಹುಳಿ ಚುರುಕು, ಹಸಿರು ಹುಲ್ಲು, ಪೇರಲೆಯ ವಾಸನೆ. ಶೆನಿನ್ ಸ್ವಲ್ಪ ಮೆತ್ತಗೆ, ಕೆಲವದರಲ್ಲಿ ಸಿಹಿಯೂ ಇಣುಕುತ್ತದೆ. ನಂದಿಬೆಟ್ಟದ ಬುಡದ ಗ್ರೋವರ್ ನಮ್ಮ ರಾಜ್ಯದ್ದೇ. ಶಿರಾಜ್ ಎಂಬ ಕಪ್ಪು ದ್ರಾಕ್ಷಿಯಿಂದ ಅವರು ಮಾಡುವ ರೋಸೆ, ಅಂದರೆ ತಿಳಿ ಗುಲಾಬಿ ಬಣ್ಣದ ವೈನ್, ಸಿಕ್ಕರೆ ಬಿಡಬೇಡಿ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿಯವರ ಸಾದಾ ಶಿರಾಜ್ ಕೆಂಪಿಗೆ ಒಳ್ಳೆಯದು. ಹೊರದೇಶದ ಅಗ್ಗದ ಬಾಟಲಿಯ ಆಸೆ ನನಗಿಲ್ಲ. ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಆಮದು ಸುಂಕಕ್ಕೆ, ಇನ್ನೊಂದು ಪಾಲು ಹಡಗಿಗೆ ಹೋಗಿರುತ್ತದೆ. ವೈನ್‌ಗೆ ಉಳಿಯುವುದು ಕಡಿಮೆ.

ಸಿಹಿ ಪೋರ್ಟ್ ವೈನ್ ಅಂದರೆ ನಗುವವರಿದ್ದಾರೆ. ನಾನು ನಗುವುದಿಲ್ಲ. ಪೋರ್ಚುಗಲ್‌ನ ನಿಜವಾದ ಪೋರ್ಟ್‌ಗೂ ಗೋವಾ ಶೈಲಿಯ ಈ ಬಾಟಲಿಗೂ ಸಂಬಂಧ ಕಡಿಮೆ, ನಿಜ. ಬೆಂಗಳೂರು ಬ್ಲೂ ಥರದ ಕಪ್ಪು ದ್ರಾಕ್ಷಿಯಿಂದ ಮಾಡುವ ಸಿಹಿ ವೈನ್‌ಗಳೂ ಹೀಗೇ, ಸರಳ. ಆದರೆ ಕ್ರಿಸ್‌ಮಸ್‌ಗೆ ಪಕ್ಕದ ಮನೆಯಿಂದ ನೇವರಿ, ದೋದೋಲ್ ಥರದ ಸಿಹಿತಿಂಡಿ ಬಂದಾಗ ಅದರ ಜೊತೆ ಚೆನ್ನಾಗಿ ತಣ್ಣಗಾದ ಸಿಹಿ ವೈನ್ ಸಣ್ಣ ಗ್ಲಾಸಿನಲ್ಲಿ ಹಿತವಾಗಿರುತ್ತದೆ. ನಮ್ಮತ್ತೆಗೆ ಅದೊಂದೇ ಇಷ್ಟ. ಅವರಿಗೆ ಡ್ರೈ, ಅಂದರೆ ಸಿಹಿ ಇಲ್ಲದ ವೈನ್ ಕೊಟ್ಟು "ಇದೇ ನಿಜವಾದದ್ದು" ಅಂತ ಪಾಠ ಹೇಳುವ ದರ್ದು ಯಾರಿಗಿದೆ?

ಈಗ ಮುಖ್ಯ ವಿಷಯ, ತಣ್ಣಗೆ ಮಾಡುವುದು. "ಕೆಂಪು ವೈನ್ ಕೋಣೆಯ ತಾಪಮಾನದಲ್ಲಿ" ಅನ್ನುವ ಸಲಹೆ ಚಳಿ ದೇಶದ ಕೋಣೆಗೆ. ನಮ್ಮ ಕೋಣೆ ಮೇ ತಿಂಗಳ ರಾತ್ರಿ ಎಂಟಕ್ಕೂ 30 ಡಿಗ್ರಿ ಹತ್ತಿರ ಇರುತ್ತದೆ. ಆ ಸೆಕೆಗೆ ಕೆಂಪು ವೈನ್ ಕುಡಿದರೆ ಮೂಗಿಗೆ ಬರೀ ಆಲ್ಕೋಹಾಲ್ ಬಡಿಯುತ್ತದೆ. ಕೆಂಪಿಗೆ ಸುಮಾರು 16 ಡಿಗ್ರಿ, ಬಿಳಿಗೆ 8ರಿಂದ 10 ಸಾಕು. ಥರ್ಮಾಮೀಟರ್ ಬೇಡ. ಕೆಂಪು ಬಾಟಲಿಯನ್ನು ಊಟಕ್ಕೆ ಒಂದೂವರೆ ಎರಡು ಗಂಟೆ ಮೊದಲು ಫ್ರಿಜ್‌ನಲ್ಲಿಡಿ. ಬಿಳಿಯದನ್ನು ಬೆಳಿಗ್ಗೆಯೇ ಇಟ್ಟು, ಕುಡಿಯುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ರುಚಿಯೇ ಗೊತ್ತಾಗುವುದಿಲ್ಲ. ನಂಟರು ಹೇಳದೆ ಬಂದರೆ ಬಕೆಟ್‌ಗೆ ಐಸ್, ನೀರು, ಒಂದು ಮುಷ್ಟಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ. ಇಪ್ಪತ್ತು ನಿಮಿಷ. ಬರೀ ಐಸ್ ಹಾಕಿದರೆ ಬಾಟಲಿಗೆ ಅಲ್ಲಲ್ಲಿ ತಾಗುತ್ತದೆ ಅಷ್ಟೇ, ನೀರಿದ್ದರೆ ಸುತ್ತಲೂ ತಂಪು ಹತ್ತುತ್ತದೆ. ಉಪ್ಪು ಆ ನೀರನ್ನು ಸೊನ್ನೆ ಡಿಗ್ರಿಗಿಂತಲೂ ಕೆಳಗೆ ಇಳಿಸುತ್ತದೆ. ಬೈತಖೋಲ ಬಂದರಿನ ಕಡೆ ಐಸ್‌ಗೆ ಬರವಿಲ್ಲ. ಆದರೆ ಅದು ಮೀನಿಗೆ ಹಾಕುವ ಐಸ್. ಬಕೆಟ್‌ಗೆ ಸರಿ, ಗ್ಲಾಸಿಗೆ ಬೇಡ.

ಇನ್ನು ಊಟ. ಬಂಗಡೆಗೆ ರವೆ ಹಚ್ಚಿ ಕಾಯಿಸಿದರೆ ಮೇಲೆ ನಿಂಬೆಹಣ್ಣು ಹಿಂಡುತ್ತೇವೆ ಅಲ್ವಾ? ಆ ಹುಳಿಯ ಕೆಲಸವನ್ನೇ ಸೋವಿನ್ಯಾನ್ ಮಾಡುತ್ತದೆ, ಎಣ್ಣೆಯ ಜಿಡ್ಡು ಕತ್ತರಿಸುತ್ತದೆ. ಅದೇ ಬಂಗಡೆ ಜೊತೆ ಕೆಂಪು ಕುಡಿದು ನೋಡಿ, ಬಾಯಲ್ಲಿ ತುಕ್ಕು ಹಿಡಿದ ಮೊಳೆಯ ರುಚಿ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆ ಜೊತೆ ಸೇರಿ ಹಾಗಾಗುತ್ತದೆ. ಬಂಗಡೆ, ತಾರಲೆಯಂಥ ಎಣ್ಣೆ ಮೀನಿನಲ್ಲಿ ಇದು ಇನ್ನೂ ಜಾಸ್ತಿ. ತಿಸ್ರೆ (ಚಿಪ್ಪುಮೀನು) ಸುಕ್ಕೆಗೂ ಸೋವಿನ್ಯಾನೇ. ತೆಂಗಿನಕಾಯಿ, ಬ್ಯಾಡಗಿ ಮೆಣಸು, ತೆಪ್ಪಳ ಹಾಕಿದ ಮೀನು ಹುಮಣಕ್ಕೆ, ಅಂದರೆ ಮೀನು ಸಾರಿಗೆ ಮಾತ್ರ ಅದು ಒಗ್ಗುವುದಿಲ್ಲ, ಖಾರದ ಮುಂದೆ ತೆಳ್ಳಗಾಗಿಬಿಡುತ್ತದೆ. ಅಲ್ಲಿ ಶೆನಿನ್‌ನ ಸಣ್ಣ ಸಿಹಿ ಬೇಕು. ಖಾರದ ಜೊತೆ ಹೆಚ್ಚು ಆಲ್ಕೋಹಾಲ್ ಇರುವ, ಬಾಯಿ ಒಗರು ಮಾಡುವ ಕೆಂಪು ವೈನ್ ಕುಡಿದರೆ ಬೆಂಕಿ ಇನ್ನೂ ಏರುತ್ತದೆ. ಮಸಾಲೆ ಜಾಸ್ತಿ ಇರುವ ಕೋಳಿ ಶಾಕುತಿಗೆ ಶಿರಾಜ್ ಇಡುವುದಾದರೆ ಅವತ್ತು ಮೆಣಸು ಸ್ವಲ್ಪ ಹಿಡಿದು ಹಾಕಿ, ಬಾಟಲಿಯನ್ನೂ ತಣ್ಣಗೆ ಮಾಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮನೆಯಲ್ಲಿ ಒಣಮೀನು ಶುರು. ಆ ಉಪ್ಪಿಗೆ ರೋಸೆ ಹೊಂದುತ್ತದೆ. ಮಳೆಗೆ ಹೊರಗೂ ಸ್ವಲ್ಪ ತಂಪಿರುತ್ತದೆ, ಕೆಂಪು ಕುಡಿಯಲು ನನಗೆ ಇಷ್ಟದ ಕಾಲ ಅದೇ.

ತವರು ಮನೆಯ ಒಳಗೆ ಬಾಟಲಿ ಬರುವುದಿಲ್ಲ, ಆಯಿ ಇರುವವರೆಗೆ ಬರುವುದೂ ಬೇಡ. ಆದರೆ ಶಿರಸಿ ಪೇಟೆಯಲ್ಲಿ ಬೇರೆ ಮನೆ ಮಾಡಿರುವ ಚಿಕ್ಕಪ್ಪನ ಮಗ ಕೇಳುತ್ತಾನೆ, "ನಮ್ಮ ಅಡುಗೆಗೆ ಯಾವುದು ಆಗ್ತು?" ಅಂತ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್‌ಗೆ ಯಾವ ಬಿಳಿ ವೈನ್ ಆದರೂ ಆಗುತ್ತದೆ, ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ಆದರೆ ಮತ್ತೂ ಒಳ್ಳೆಯದು. ಪತ್ರೊಡೆಗೆ ರೋಸೆ. ಮಾವಿನಕಾಯಿಯ ಅಪ್ಪೆಹುಳಿ ಮುಂದೆ ಮಾತ್ರ ಯಾವ ವೈನೂ ನಿಲ್ಲುವುದಿಲ್ಲ. ಅದನ್ನು ಹಾಗೇ ಲೋಟದಲ್ಲಿ ಕುಡಿಯಿರಿ, ನಿದ್ದೆ ಚೆನ್ನಾಗಿ ಬರುತ್ತದೆ.

ಬೇರೆಯವರಿಗೆ ಹೇಳುವಾಗ ನಿಮಗೆ ಇಷ್ಟವಾದದ್ದನ್ನು ಪಕ್ಕಕ್ಕಿಡಿ. ನಾನು ಕೇಳುವುದು: ಇವತ್ತು ಅಡುಗೆ ಏನು, ಚಹಾಕ್ಕೆ ಸಕ್ಕರೆ ಎಷ್ಟು ಹಾಕುತ್ತೀರಿ. ಎರಡು ಚಮಚ ಅಂದವರಿಗೆ ಡ್ರೈ ಕೆಂಪು ಕೊಟ್ಟರೆ ಮುಖ ಕಿವುಚುತ್ತಾರೆ, ಇನ್ನೊಮ್ಮೆ ವೈನ್ ತಂಟೆಗೇ ಬರುವುದಿಲ್ಲ. ಅವರಿಗೆ ಶೆನಿನ್, ಇಲ್ಲವೇ ರೋಸೆ. ಸಕ್ಕರೆ ಇಲ್ಲದ ಕಪ್ಪು ಚಹಾ ಕುಡಿಯುವವರಿಗೆ ಒಗರು ಅಭ್ಯಾಸ, ಅವರಿಗೆ ಶಿರಾಜ್ ಧೈರ್ಯವಾಗಿ ಹೇಳಿ. ವಿಸ್ಕಿ ಕುಡಿಯುವ ಭಾವನವರಿಗೆ ಬಿಳಿ ಕೊಟ್ಟರೆ "ಇದೇನು ಶರಬತ್ತಾ?" ಅನ್ನುತ್ತಾರೆ. ಅವರಿಗೂ ಶಿರಾಜೇ. ಜೊತೆಗೆ ಒಂದು ಲೆಕ್ಕವನ್ನೂ ಹೇಳಿ: 150 ಎಂಎಲ್ ವೈನ್‌ನಲ್ಲಿ 12.5 ಶೇಕಡಾ ಆಲ್ಕೋಹಾಲ್ ಇದ್ದರೆ ಅದು 42.8 ಶೇಕಡಾದ 30 ಎಂಎಲ್ ವಿಸ್ಕಿ ಪೆಗ್‌ಗೆ ಸುಮಾರು ಒಂದೂವರೆ ಪಟ್ಟು. ಪೂರ್ತಿ ಬಾಟಲಿ ಅಂದರೆ ಏಳು ಪೆಗ್‌ಗೂ ಮೇಲೆ. ಬರೀ ದ್ರಾಕ್ಷಿ ರಸ ಅಂದುಕೊಂಡು ಕುಡಿದು ದೇವಿಮನೆ ಘಾಟಿ ಹತ್ತಲು ಹೊರಡಬೇಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕಾನೂನು ಹಿಡಿಯುತ್ತದೆ. ಹೃದಯಕ್ಕೆ ಒಳ್ಳೆಯದು ಅಂತ ಹೇಳಿ ಯಾರಿಗೂ ಶುರು ಮಾಡಿಸಬೇಡಿ. ಎಷ್ಟು ಕುಡಿದರೂ ಪೂರ್ತಿ ಸುರಕ್ಷಿತ ಅನ್ನುವ ಪ್ರಮಾಣ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಕುಡಿಯದವರನ್ನು ಒತ್ತಾಯಿಸಲೇಬೇಡಿ, ಕೋಕಂ ಶರಬತ್ತು ಇದೆಯಲ್ಲ.

ಉಳಿದ ವೈನ್‌ಗೆ ಶತ್ರು ಗಾಳಿ. ಅರ್ಧ ಖಾಲಿ ದೊಡ್ಡ ಬಾಟಲಿಯಲ್ಲಿ ಇಡುವ ಬದಲು ತೊಳೆದು ಒಣಗಿಸಿದ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಕೆಂಪನ್ನೂ ಫ್ರಿಜ್‌ನಲ್ಲೇ. ಮೂರು ನಾಲ್ಕು ದಿನ ತೊಂದರೆ ಇಲ್ಲ. ಆಮೇಲೆ ಬಿಳಿ ವೈನ್ ಸಪ್ಪೆಯಾಗಿದ್ದರೆ ಬೆಳ್ಳುಳ್ಳಿ ಒಗ್ಗರಣೆಗೆ ಸಿಗಡಿ ಹಾಕಿ, ಮೇಲೆ ಅರ್ಧ ಲೋಟ ಸುರಿದು ಜೋರು ಉರಿಯಲ್ಲಿ ಇಂಗಿಸಿಬಿಡಿ. ಸಿಗಡಿ ಜಾಸ್ತಿ ಬೇಯಿಸಬೇಡಿ, ರಬ್ಬರ್ ಆಗುತ್ತದೆ.